ನನ್ನ ಕೋಣೆಯಲ್ಲಿ ಕೆನಡಾ ಮತ್ತು ಸ್ವೀಡನ್

ಇನ್ನೊಬ್ಬರಂತೆ ದನಿ ತೆಗೆಯಬಲ್ಲವನಿಗೆ ಗೆಳೆಯರು ಬಹಳ ಎಂದು ಎಲ್ಲರೂ ತಿಳಿಯುತ್ತಾರೆ. ಗೆಳೆಯರಿರುವುದು ನಿಜ, ತಮ್ಮ ಸರದಿ ಬರುವವರೆಗೆ ಇರುತ್ತಾರೆ. ಕಾಲೇಜಿನ ಗ್ಯಾದರಿಂಗಿನಲ್ಲಿ ನಾನು ನಮ್ಮ ಅರ್ಥಶಾಸ್ತ್ರದ ಪ್ರಾಧ್ಯಾಪಕರಂತೆ ಮೂಗಿನಿಂದ "ಬೇಡಿಕೆ, ಪೂರೈಕೆ" ಎಂದಾಗ ಸಭೆಯೆಲ್ಲ ನಕ್ಕಿತು. ಪ್ರಾಧ್ಯಾಪಕರೂ ನಕ್ಕರು. ಮುಂದಿನ ವಾರ ನನ್ನ ಎಂ.ಎ. ಪ್ರಬಂಧಕ್ಕೆ ವಿಷಯ ಕೊಟ್ಟರು: ಕೆನಡಾ ಮತ್ತು ಸ್ವೀಡನ್ ದೇಶಗಳ ಮೆದುಮರದ ವ್ಯಾಪಾರ, ಅಂದಿನಿಂದ ಇಂದಿನವರೆಗೆ. ಅದೂ ಧಾರವಾಡದಲ್ಲಿ ಕೂತು! ನಮ್ಮ ಕಡೆ ಮರವೆಂದರೆ ದಾಂಡೇಲಿಯ ಸಾಗವಾನಿ. ಪೈನ್, ಫರ್ ಎಂಬ ಮೆದುಮರಗಳನ್ನು ನಾನು ಕಂಡದ್ದು ಹುಬ್ಬಳ್ಳಿ ಸ್ಟೇಶನ್ನಿನಲ್ಲಿ, ವಿಲಾಯತಿ ಯಂತ್ರಗಳನ್ನು ತುಂಬಿಕೊಂಡು ಬಂದ ಖೋಕಾ ಪೆಟ್ಟಿಗೆಗಳ ಹಲಗೆಯಾಗಿ ಮಾತ್ರ.

ಈ ಗೋಳು ಕೇಳಲು ಕೋಣೆಯಲ್ಲಿ ಹನುಮಂತನಾದರೂ ಇದ್ದ, ಎರಡು ವರ್ಷದ ಜೊತೆಗಾರ. ಒಮ್ಮೆ ಅವನ ಅಪ್ಪ ಉಪ್ಪಿನಬೆಟಗೇರಿಯಿಂದ ಬುತ್ತಿ ತಂದು, ಎರಡು ಮಾತಿಗೊಮ್ಮೆ ಕೆಮ್ಮಿ, ಹೊರಟರು. ಅವರು ಓಣಿ ದಾಟುವ ಮೊದಲೇ ನಾನು ಅವರ ರೊಟ್ಟಿ ತಿನ್ನುತ್ತ ಅವರಂತೆಯೇ ಕೆಮ್ಮಿ ತೋರಿಸಿದೆ. ಹನುಮಂತ ನಕ್ಕ. ಮರುದಿನ ಟ್ರಂಕು ಎತ್ತಿಕೊಂಡು ಹುಬ್ಬಳ್ಳಿಯ ಬೆಂಗೇರಿಯಲ್ಲಿದ್ದ ಮಾವನ ಮನೆಗೆ ಹೊರಟ. "ನೀ ಯಾರನ್ನೂ ಬಿಡಂಗಿಲ್ಲಲೇ," ಅಂದ, ಅಷ್ಟೇ.

ಅವನ ಹಾಸಿಗೆಯಿದ್ದಲ್ಲಿ ಪುಸ್ತಕ ಹರವಿದೆ. ಜಾಗ ತುಂಬಲಿಲ್ಲ. ದಿನಗಟ್ಟಲೆ ಬಾಯಿ ತೆರೆಯದೆ ಇದ್ದವನು ಕಡೆಗೆ ಓದಿದ್ದಕ್ಕೇ ದನಿ ಕೊಟ್ಟೆ. ಕೆನಡಾ ಹುಬ್ಬಳ್ಳಿಯ ಸಾಹುಕಾರ, ಸ್ವೀಡನ್ ಧಾರವಾಡದ ಮಾಸ್ತರು.

"ಏ ಮಾಸ್ತರ, ನನಗ ಬಾಜು ಮನಿ ಅಮೆರಿಕಾನ ಗಿರಾಕಿ. ಹಲಗಿ ಗ್ವಾಡಿ ಮ್ಯಾಲಿಂದ ದಾಟಿಸಿದ್ರ ಮುಗೀತು!"

"ಹಂಗನಬ್ಯಾಡ್ರಿ. ಒಂದು ಕಾಲಕ್ಕ ನೀವೂ ಇಂಗ್ಲೆಂಡಿನ ಬಾಗಲಾ ಕಾಯ್ತಿದ್ರಿ."

"ಈಗ ಅಷ್ಟು ದೂರ ಯಾರು ಹೊರತಾರ?"

"ನಾವು ಹೊರತೇವ್ರಿ. ನಮಗ ಬಾಜು ಮನಿ ಇಲ್ಲಲ್ರಿ, ಸಮುದ್ರ ದಾಟೇ ಹೋಗಬೇಕು."

ಮೊನ್ನೆ ರವಿವಾರ ಮಧ್ಯಾಹ್ನ ಈ ಜಗಳ ರಂಗೇರಿ, ಸಾಹುಕಾರನ ಪರವಾಗಿ ಮೇಜು ಗುದ್ದಿದೆ. ಬಾಗಿಲು ತೆರೆಯಿತು. ಮನೆಯೊಡತಿ ಗೌರಕ್ಕ ನಿಂತಿದ್ದರು, ತಾಟಿನಲ್ಲಿ ಮೂರು ಕಪ್ ಚಹಾ.

"ಮಂದಿ ಎಲ್ಲಿ ಹೋದ್ರಪಾ?"

"ಯಾವ ಮಂದಿರಿ ಗೌರಕ್ಕಾ?"

"ಅಯ್ಯ, ಇಬ್ಬರು ಜಗಳಾಡಾಕತ್ತಿದ್ರಲ್ಲ! ಮನಿಗೆ ಬಂದವರನ್ನ ಚಹಾ ಇಲ್ದ ಕಳಸ್ತಾರೇನು?"

ಒಪ್ಪಿಕೊಂಡೆ. ಇಬ್ಬರ ದನಿಯನ್ನೂ ತೆಗೆದು ತೋರಿಸಿದೆ. ಗೌರಕ್ಕ ನಗಲಿಲ್ಲ. ತಾಟು ಕೆಳಗಿಟ್ಟರು.

"ಅಯ್ಯ ಶಿವನ! ಈಗಷ್ಟ ಹನುಮಂತ ಬಂದಿದ್ನಲ್ಲೋ. ಟ್ರಂಕ್ ಹೊರಗಿನ ಕಟ್ಟಿ ಮ್ಯಾಲಿಟ್ಟು, 'ಅಕ್ಕಾರ, ವಾಪಸ್ ಬಂದೇನಿ' ಅಂದ. ನಿನ್ನ ಬಾಗಲಾ ತನಕ ಹೋಗಿ, ಒಳಗ ಮಾತು ಕೇಳಿ, ಹಂಗ ತಿರುಗಿದ. 'ಅವಗ ಹೊಸಾ ಜೋಡಿ ಸಿಕ್ಕಾರ, ಇರಲಿ ಬಿಡ್ರಿ' ಅಂದ. ನಾನೂ ಹೌದಂದೆ. ಚಹಾಕ್ಕ ನಿಲ್ಲಂದ್ರೂ ನಿಲ್ಲಲಿಲ್ಲ."

ಚಪ್ಪಲಿ ಮೆಟ್ಟದೆ ಓಡಿದೆ. ಹುಬ್ಬಳ್ಳಿ ಬಸ್ಸಿನ ಧೂಳು ಮಾತ್ರ ಸಿಕ್ಕಿತು. ತಿರುಗಿ ಬಂದು ಮೂರೂ ಕಪ್ ಚಹಾ ನಾನೇ ಕುಡಿದೆ, ದೇಶಕ್ಕೊಂದು, ನನಗೊಂದು. ಮೂರೂ ತಣ್ಣಗಾಗಿದ್ದವು.

ನಾಳೆ ಬೆಂಗೇರಿಗೆ ಹೋಗಬೇಕು. ಹೋಗಿ ಏನು ಹೇಳಲಿ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. "ಕೋಣೆಯಲ್ಲಿ ಯಾರೂ ಇರಲಿಲ್ಲ, ಆ ದನಿಗಳೆಲ್ಲ ನಾನೇ ತೆಗೆದದ್ದು" ಎನ್ನಬೇಕು. ಸತ್ಯ ಅದೊಂದೇ. ಅವನು ಬಿಟ್ಟುಹೋದದ್ದೂ ಅದಕ್ಕೇ.