ಪ್ಲಗ್ ತೆಗೆದರೂ ನಿಲ್ಲದ ನೆಟ್ಟು

ಪುತ್ತೂರಿನಲ್ಲಿ ನನಗೊಂದು ಸಣ್ಣ ಅಂಗಡಿ ಇದೆ. ಮನೆಮನೆಗೆ ಹೋಗಿ ವೈಫೈ ಸರಿಮಾಡುವುದು ನನ್ನ ಕೆಲಸ. ಇದರಲ್ಲಿ ನಗುವಂಥದ್ದು ದಿನಕ್ಕೊಂದಾದರೂ ಆಗುತ್ತದೆ. ಆದರೆ ನಗುವುದಕ್ಕೆ ಗೇಟು ದಾಟುವವರೆಗೆ ಕಾಯಬೇಕು. ಕಡಬದ ಹತ್ತಿರದ ಒಂದೇ ಮನೆಯಲ್ಲಿ ಮೇಲಿಂದ ಮೇಲೆ ಹೀಗೆ ಕಾದವಳು ನಾನು.

ಗಂಡಸರು ಬರಲಿಲ್ಲವಾ?

ಕರೆದದ್ದು ಆ ಮನೆಯ ಸೊಸೆ. ಡಾಕ್ಟರುಗಳು ಹೇಳಿದ್ದನ್ನು ಕೇಳಿಸಿಕೊಂಡು ಮನೆಯಲ್ಲೇ ಕೂತು ಟೈಪ್ ಮಾಡುವ ಉದ್ಯೋಗ ಅವಳದ್ದು. ಅವಳ ಕೋಣೆ ಮನೆಯ ಹಿಂದಿನ ತುದಿಯಲ್ಲಿ. ನಡುವೆ ದಪ್ಪ ದಪ್ಪ ಕೆಂಪುಕಲ್ಲಿನ ಗೋಡೆಗಳು. ನೆಟ್ಟು ಅಲ್ಲಿಗೆ ಮುಟ್ಟುವ ಮೊದಲೇ ಸುಸ್ತು. ಇನ್ನೊಮ್ಮೆ ಕೆಲಸದ ನಡುವೆ ನೆಟ್ಟು ಹೋದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಂಪೆನಿಯವರು ಹೇಳಿಬಿಟ್ಟಿದ್ದರಂತೆ.

ಅವಳ ಮಾವ, ಅಂದರೆ ಯಜಮಾನರು, ನನ್ನನ್ನು ಜಗಲಿಯಲ್ಲೇ ತಡೆದರು.

“ಎಂತ ಮಾರಾಯ್ತಿ, ನೀನೊಬ್ಬಳೇ? ಗಂಡಸರು ಯಾರೂ ಬರ್ಲಿಲ್ವಾ?”

“ಹೋದ ತಿಂಗಳು ಬಂದಿದ್ರಲ್ಲ ಯಜಮಾನ್ರೆ. ಈ ಮನೆಗೆ ನೆಟ್ಟು ಆಗುದಿಲ್ಲ ಅಂತ ಹೇಳಿ, ಚಾ ಕುಡಿದು ಹೋದದ್ದು ಅವರೇ ಅಲ್ವಾ?”

ಒಳಗೆ ಸೊಸೆ ಕಿಸಕ್ಕನೆ ನಕ್ಕಳು. ಯಜಮಾನರು ದಾರಿ ಬಿಟ್ಟರು. “ಚಾ ನಿನಗೂ ಉಂಟು. ಆದ್ರೆ ಈ ಸಲ ಕೆಲಸ ಆದ ಮೇಲೆ!”

ಭದ್ರವಾಗಿ ಉಂಟು

ನಾನು ಮೆಶ್ ರೂಟರ್ ಹಾಕಿದೆ. ಜಗಲಿಯಲ್ಲಿ ಒಂದು ಡಬ್ಬಿ, ನಡುಕೋಣೆಯಲ್ಲಿ ಒಂದು, ಸೊಸೆಯ ಕೋಣೆಯಲ್ಲಿ ಒಂದು. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ನೆಟ್ಟು ದಾಟುತ್ತಾ ಹೋಗುತ್ತದೆ. ಚಾ ಕುಡಿದೇ ಬಂದೆ.

ವಾರ ಕಳೆಯಲಿಲ್ಲ, ಸೊಸೆಯ ಫೋನು. “ಅಕ್ಕಾ, ಪುನಃ ಹೋಯ್ತು.”

ಹೋಗಿ ನೋಡಿದರೆ ನಡುಕೋಣೆಯ ಡಬ್ಬಿಯೇ ಕಾಣೆ. “ಅಷ್ಟು ಕ್ರಯದ ವಸ್ತುವನ್ನು ಹೊರಗೆ ಇಡ್ಲಿಕ್ಕೆ ಆಗ್ತದಾ?” ಎನ್ನುತ್ತಾ ಯಜಮಾನರು ಕಬ್ಬಿಣದ ಕಪಾಟಿನ ಬೀಗ ತೆಗೆದರು. ರೇಷ್ಮೆ ಸೀರೆಗಳ ನಡುವೆ ಡಬ್ಬಿ ಮಿಣಮಿಣ ಅನ್ನುತ್ತಿತ್ತು. ವಯರಿಗಾಗಿ ಕಪಾಟಿನ ಹಿಂದೆ ತೂತು ಬೇರೆ ಕೊರೆಸಿದ್ದರು!

“ನೋಡು, ಎಷ್ಟು ಭದ್ರವಾಗಿ ಉಂಟು!”

“ಹೌದು ಯಜಮಾನ್ರೆ, ನೆಟ್ಟು ಕೂಡ ಒಳಗೇ ಭದ್ರವಾಗಿ ಉಂಟು. ಸೀರೆಗಳಿಗೆ ಚಂದ ಸಿಗ್ತಾ ಉಂಟು.”

ಗುಡುಗು

ನಮ್ಮ ಕಡೆ ಗುಡುಗಿದರೆ ಮೊದಲು ಪ್ಲಗ್ ಎಳೆಯುತ್ತೇವೆ, ಅಂಗಳದ ಬಟ್ಟೆ ತೆಗೆಯುವುದು ಆಮೇಲೆ. ಈ ಯಜಮಾನರಿಗಂತೂ ಮೋಡ ಕಂಡರೆ ಸಾಕು. ತಪ್ಪು ಎನ್ನಲಾರೆ, ಹಿಂದೊಮ್ಮೆ ಸಿಡಿಲಿಗೆ ಅವರ ಫ್ರಿಜ್ಜು, ಟೀವಿ ಎರಡೂ ಹೋಗಿದ್ದವು. ಆದರೆ ಮಳೆಗಾಲಕ್ಕೆ ಮುಂಚಿನ ಗುಡುಗು ದಿನಾ ಮಧ್ಯಾಹ್ನದ ಮೇಲೆ, ಸೊಸೆಯ ಕೆಲಸವೂ ಅದೇ ಹೊತ್ತಿಗೆ. ಪ್ಲಗ್ ಎಳೆದಾಗಲೆಲ್ಲ ಅವಳ ನೆಟ್ಟೂ ಹೋಗುತ್ತಿತ್ತು, ಹಾಗಾಗಿ ಮೂರನೇ ಸಲ ಆ ಮನೆಗೆ ಹೋದೆ.

“ಕೆಲಸ ಬಿಡ್ಲಿ. ಇಲ್ಲಿ ಮಾಡ್ಲಿಕ್ಕೆ ಕೆಲಸ ಇಲ್ವಾ?” ಎಂದರು ಯಜಮಾನರು.

“ಬಿಡುದಿಲ್ಲ ಮಾವ,” ಎಂದಳು ಸೊಸೆ.

ಅವಳ ಮುಖ ನೋಡಿ ನನಗೂ ಹಟ ಬಂತು. ಒಂದೊಂದು ಡಬ್ಬಿಗೂ ಸಣ್ಣ ಬ್ಯಾಟರಿ ಕೂರಿಸಿದೆ. ಹೊರಗಿನಿಂದ ಬರುವ ನೆಟ್ಟಿನ ತಂತಿ ಗಾಜಿನ ಎಳೆಯದ್ದು, ಅದರಲ್ಲಿ ಸಿಡಿಲು ಇಳಿಯುವುದಿಲ್ಲ. ಇನ್ನು ಎಷ್ಟು ಪ್ಲಗ್ ಬೇಕಾದರೂ ಎಳೆಯಲಿ!

ಮರುದಿನವೇ ಆಕಾಶ ಕಪ್ಪಾಗಿ ಗುಡುಗಿತು. ಸ್ವಲ್ಪ ಹೊತ್ತಿಗೆ ಯಜಮಾನರ ವಾಟ್ಸಾಪ್ ಕರೆ.

“ಮಾರಾಯ್ತಿ, ಪ್ಲಗ್ ಎಲ್ಲ ತೆಗೆದಿದ್ದೇನೆ. ಆದ್ರೂ ಲೈಟು ಉರೀತಾ ಉಂಟು! ಹೇಳಿದ್ರೆ ಕೇಳುದಿಲ್ಲ!”

“ಯಾರು ಯಜಮಾನ್ರೆ, ಡಬ್ಬಿಯಾ ಸೊಸೆಯಾ?”

“ಎರಡೂ! ನೀನು ಅಲ್ಲಿಂದಲೇ ನೆಟ್ಟು ನಿಲ್ಲಿಸು!”

“ನಿಮ್ಮಲ್ಲಿ ಕರೆಂಟು ಉಂಟಾ?”

“ಇಲ್ಲ.”

“ಮೊಬೈಲ್ ಟವರ್?”

“ಕರೆಂಟು ಹೋದ ಕೂಡ್ಲೆ ಅದೂ ಹೋಯ್ತು.”

“ಮತ್ತೆ ನೀವು ಈಗ ನನ್ನ ಹತ್ರ ಮಾತಾಡುದು ಯಾವುದರಲ್ಲಿ?”

ಹಿಂದಿನಿಂದ ಸೊಸೆಯ ಕೀಬೋರ್ಡಿನ ಟಕಟಕ ಕೇಳುತ್ತಿತ್ತು.

ಯಜಮಾನರು ದನಿ ತಗ್ಗಿಸಿ ಹೇಳಿದರು: “ಹಾಗಾದ್ರೆ ಈಗಲೇ ಬೇಡ. ಸುಳ್ಯದ ತಂಗಿಗೆ ಒಂದು ಫೋನ್ ಮಾಡ್ಲಿಕ್ಕುಂಟು, ಅಲ್ಲಿ ಪ್ಲಗ್ ತೆಗೆದ್ರಾ ಅಂತ ಕೇಳ್ಬೇಕು. ಅದಾದ ಮೇಲೆ ನಿಲ್ಲಿಸು!”