ಮೆಡಿಕಲ್ ಸೀಟಿಗಾಗಿ ಒಂದು ಸಭಾತ್ಯಾಗ

ನಾನು ಬಾಯಿ ಮುಚ್ಚಿಕೊಂಡ ದಿನವೇ ಈ ಮನೆ ಉದ್ಧಾರವಾಗುವುದು ಎಂಬುದು ನನ್ನ ಹೆಂಡತಿಯ ಸಿದ್ಧಾಂತ. ಒಬ್ಬ ಹೋರಾಟಗಾರನಿಗೆ ಆಡುವ ಮಾತೇ ಇದು? ಧಿಕ್ಕಾರ ಕೂಗಿ ಕೂಗಿ ಸವೆದ ಗಂಟಲು ನನ್ನದು. ಇದು ಏರಿತೆಂದರೆ ಗಿರಣಿ ಮಾಲೀಕರು ಕಿಟಕಿ ಹಾಕಿಕೊಳ್ಳುತ್ತಿದ್ದರು, ಅಧಿಕಾರಿಗಳು ಹಿಂಬಾಗಿಲು ಹುಡುಕುತ್ತಿದ್ದರು. ಮನೆಯಲ್ಲಿ ಮಾತ್ರ ಇದಕ್ಕೆ ಮುರುಕು ಸೌಟಿನಷ್ಟೂ ಬೆಲೆಯಿಲ್ಲ.

ಈಗ ಮಗಳ ವಿಷಯಕ್ಕೆ ಬರೋಣ. ಅವಳಿಗೆ ಡಾಕ್ಟರಾಗುವ ಹಠ. (ಹಠ ನನ್ನ ಕಡೆಯದು, ಬುದ್ಧಿ ತನ್ನ ಕಡೆಯದು ಎಂದು ಹೆಂಡತಿ ಆಗಲೇ ಪಾಲು ಮಾಡಿಟ್ಟಿದ್ದಾಳೆ.) ಪ್ರವೇಶ ಪರೀಕ್ಷೆಯಲ್ಲಿ ಹುಡುಗಿ ಸಾವಿರಾರು ಮಕ್ಕಳನ್ನು ಹಿಂದೆ ಹಾಕಿ ಮೇಲೆ ಬಂದಳು. ಆದರೆ ಅದಕ್ಕೆ ಮುಂಚೆ ತರಗತಿಯಲ್ಲಿ ತೆಗೆದ ಅಂಕಗಳು ನೆಲ ಕಚ್ಚಿದ್ದವು. ಪಾಸಾಗಿದ್ದಾಳೆ ಎಂಬುದೊಂದೇ ಅವುಗಳ ಹೆಗ್ಗಳಿಕೆ. ಮೆಡಿಕಲ್ ಕಾಲೇಜಿನವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ತಲೆ ಒಬ್ಬಳದು, ಮುಂಡ ಇನ್ನೊಬ್ಬಳದು ಎಂಬಂತೆ ಕಂಡಿರಬೇಕು. ತಂದೆಯನ್ನೋ ತಾಯಿಯನ್ನೋ ಕರೆದುಕೊಂಡು ಸಂದರ್ಶನಕ್ಕೆ ಬಾ, ಈ ವ್ಯತ್ಯಾಸಕ್ಕೆ ಕಾರಣ ಹೇಳು, ನಮಗೆ ಒಪ್ಪಿಗೆಯಾದರೆ ಸೀಟು ಎಂದರು.

ಹೆಂಡತಿ ಅವತ್ತು ಮನೆ ಮುಂಭಾಗದ ತನ್ನ ಹೊಲಿಗೆ ಅಂಗಡಿ ಮುಚ್ಚಿ ತಾನೇ ಹೋಗುತ್ತೇನೆಂದಳು. ನಾನು ಬಿಡುತ್ತೇನೆಯೇ? ಮೇಜಿನ ಆಚೆ ಕೂತವರ ಜೊತೆ ಮಾತುಕತೆ ನಡೆಸುವುದು ನನ್ನ ಕಸುಬು. ರವಿಕೆ ಹೊಲಿಯಲು ನಾನೇನಾದರೂ ಬಂದಿದ್ದೇನೆಯೇ ಎಂದು ಕೇಳಿದೆ. ಬಂದಿದ್ದರೆ ಈ ಮನೆಗೆ ಎರಡನೇ ಸಂಪಾದನೆ ಇರುತ್ತಿತ್ತು ಎಂದಳು. ಇಂಥ ವೈಯಕ್ತಿಕ ಟೀಕೆಗಳಿಗೆ ನಾನು ಉತ್ತರಿಸುವುದಿಲ್ಲ.

ಬಸ್ಸಿನಲ್ಲಿ ಮಗಳಿಗೆ ಸಂಧಾನದ ಸೂತ್ರಗಳನ್ನು ಬೋಧಿಸಿದೆ. ಬೇಕಾದ್ದಕ್ಕಿಂತ ಎರಡು ಪಟ್ಟು ಕೇಳಬೇಕು. ಅವರು ಮೊದಲು ಕೊಟ್ಟದ್ದನ್ನು ಮುಟ್ಟಬಾರದು. ಮಾತು ಕೆಟ್ಟಿತೋ, ಎದ್ದು ಹೊರಗೆ ಬರಬೇಕು. ಬಾಗಿಲು ದಾಟುವಷ್ಟರಲ್ಲಿ ಅವರೇ ಓಡಿಬಂದು ಕೈ ಹಿಡಿಯುತ್ತಾರೆ. ಮಗಳು ಕಿಟಕಿಯಾಚೆ ನೋಡುತ್ತಾ, "ಅಪ್ಪಾ, ಅಲ್ಲಿ ನನ್ನನ್ನ ಕೇಳಿದ್ದಕ್ಕೆ ನಾನೇ ಹೇಳ್ತೀನಿ, ಆಯ್ತಾ?" ಎಂದಳು. ಪಾಪ, ಹೆದರಿದ್ದಾಳೆ ಅಂದುಕೊಂಡೆ.

ಮೇಜಿನ ಆಚೆ ಇಬ್ಬರಿದ್ದರು. ಒಬ್ಬರು ಪ್ರಿನ್ಸಿಪಾಲ್ ಅಮ್ಮ. ಇನ್ನೊಬ್ಬರು ಮೂಳೆ ಡಾಕ್ಟರು, ಅವರ ಮೂಳೆಗಳು ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ. ಪ್ರಿನ್ಸಿಪಾಲ್ ಅಮ್ಮ ಮಗಳನ್ನು ನೋಡಿ, ಇಷ್ಟು ಬುದ್ಧಿಯಿದ್ದೂ ತರಗತಿಯ ಅಂಕ ಯಾಕೆ ಹೀಗೆ ಎಂದು ಕೇಳಿದರು. ಮಗಳು ಬಾಯಿ ತೆರೆದಳು. ನನ್ನ ಬಾಯಿ ಅದಕ್ಕೂ ಮೊದಲೇ ತೆರೆದಿತ್ತು. ಅಂಕ ಎಂಬುದು ಆಳುವವರು ಮಾಡಿಟ್ಟ ಅಳತೆಗೋಲು, ಅದರಿಂದ ಜನಸಾಮಾನ್ಯರ ಮಕ್ಕಳನ್ನು ಅಳೆಯಬಾರದು ಎಂದು ವಿವರಿಸಿದೆ.

ಮೂಳೆ ಡಾಕ್ಟರು, "ಹಾಗಾದ್ರೆ ಪ್ರವೇಶ ಪರೀಕ್ಷೆ ಅಂಕ?" ಎಂದರು.

"ಅದು ಜನರ ಗೆಲುವು" ಎಂದೆ.

ಮಗು ಮಾತಾಡಲಿ ಎಂದು ಪ್ರಿನ್ಸಿಪಾಲ್ ಅಮ್ಮ ಒಮ್ಮೆ ಹೇಳಿದರು, ಮತ್ತೊಮ್ಮೆ ಹೇಳಿದರು. ಮೂರನೆಯ ಸಲ, ಇರುವುದು ಒಂದೇ ಸೀಟು, ದಯವಿಟ್ಟು ಸುಮ್ಮನಿರಿ ಎಂದರು. ಒಂದು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ರಕ್ತ ಕುದಿಯಿತು. ಒಂದಕ್ಕೆ ನಾವು ಒಪ್ಪುವುದಿಲ್ಲ, ಎರಡು ಬೇಕೇ ಬೇಕು ಎಂದು ಮೇಜು ಗುದ್ದಿದೆ.

"ಇನ್ನೊಂದು ಯಾರಿಗೆ, ನಿಮಗಾ?" ಎಂದು ಕೇಳಿದರು ಮೂಳೆ ಡಾಕ್ಟರು.

ಇದಕ್ಕಿಂತ ಅವಮಾನ ಬೇಕೆ? ಹೆಗಲ ಚೀಲ ಕೊಡವಿ ಎದ್ದು, ಸಭಾತ್ಯಾಗ ಮಾಡುತ್ತಿದ್ದೇವೆ ಎಂದು ಘೋಷಿಸಿ ಹೊರಟೆ. ಹೊರಗೆ ಬಂದು ತಿರುಗಿ ನೋಡಿದರೆ ಬಂದವನು ನಾನೊಬ್ಬನೇ. ಮಗಳು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಜವಾನ ಬಾಗಿಲು ಮುಚ್ಚಿದ.

ಕೈ ಹಿಡಿಯಲು ಯಾರೂ ಓಡಿ ಬರಲಿಲ್ಲ. ಜಗಲಿಯ ಗಾಜಿನ ಕಪಾಟಿನಲ್ಲಿ ಒಂದು ಅಸ್ಥಿಪಂಜರ ನಿಂತಿತ್ತು. ಅದೂ ಯಾವುದೋ ಕಾಲದಲ್ಲಿ ಮಾತುಕತೆಯಿಂದ ಎದ್ದು ಬಂದು, ಈಗ ಕರೀತಾರೆ, ಆಗ ಕರೀತಾರೆ ಎಂದು ಕಾಯುತ್ತಾ ನಿಂತದ್ದಿರಬೇಕು. ಒಳಗಿನಿಂದ ನಗು ಕೇಳಿಸಿತು. ಮುಗಿಯಿತು, ನನ್ನ ಬಾಯಿಂದ ಮಗಳ ಸೀಟು ಮಣ್ಣುಪಾಲಾಯಿತು ಎಂದು ಅಂಗೈ ಬೆವರಿತು. ಲಾಠಿ ಎದುರು ಬೆವರದ ಅಂಗೈ ಅದು.

ಮಗಳು ಹೊರಗೆ ಬಂದಳು. ಮುಖ ಅರಳಿತ್ತು.

"ಸಿಕ್ತಪ್ಪಾ."

"ಏನಂತ ಕಾರಣ ಹೇಳಿದೆ?"

"ನಾನೇನೂ ಹೇಳೋದೇ ಬೇಕಾಗ್ಲಿಲ್ಲ. ನೀನು ಎದ್ದು ಹೋದೆ ನೋಡು, 'ಮನೇಲೂ ಹೀಗೇನಾ?' ಅಂತ ಕೇಳಿದ್ರು. ದಿನಾ ಸಾಯಂಕಾಲ ಮನೇಲಿ ಸಭೆ, ನನ್ನ ಓದೋ ಮೇಜಿನ ಮೇಲೆ ಬ್ಯಾನರ್ ಬರೆಯೋದು, ಅಂದೆ. ಮತ್ತೆ ಪ್ರವೇಶ ಪರೀಕ್ಷೆ ಹೇಗೆ ಚೆನ್ನಾಗಿ ಬರೆದೆ ಅಂದ್ರು."

"ಅದಕ್ಕೆ?"

"ಆ ಪರೀಕ್ಷೆಗೆ ಮುಂಚೆ ನೀನು ನಗರಸಭೆ ಬಾಗಿಲಿಗೆ ಚರಂಡಿ ಹೂಳು ಸುರಿದು ಜೈಲಿಗೆ ಹೋಗಿದ್ಯಲ್ಲಪ್ಪಾ. ಎರಡು ತಿಂಗಳು ಮನೆ ಎಷ್ಟು ತಣ್ಣಗಿತ್ತು, ಕೂತು ಓದಿದೆ ಅಂದೆ."

ನನ್ನ ತ್ಯಾಗ ಸಾರ್ಥಕವಾದ ಬಗೆ ಇದು. ಆದರೆ ಸೀಟಿಗೆ ಒಂದು ಷರತ್ತಿತ್ತು: ಮೊದಲ ಆರು ತಿಂಗಳ ತರಗತಿಯ ಅಂಕ ಚೆನ್ನಾಗಿರಬೇಕು, ಇಲ್ಲವಾದರೆ ಸೀಟು ವಾಪಸ್.

ಮನೆಗೆ ಬಂದು ಸುದ್ದಿ ಹೇಳಿದ್ದೇ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಮಗಳನ್ನು ಅಪ್ಪಿಕೊಂಡಳು. ಷರತ್ತು ಕೇಳಿ ನನ್ನ ಕಡೆ ತಿರುಗಿದಳು. ಅಳತೆ ತೆಗೆದುಕೊಳ್ಳುವಂತೆ ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ನಮ್ಮ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, ಬಂಧನ ಆಗುವಂಥ ಹೋರಾಟ ಯಾವುದಾದರೂ ಇದೆಯೇ ಎಂದು ವಿಚಾರಿಸಿದಳು. ನಾಳೆ ಒಂದು ಧರಣಿ ಇದೆಯಂತೆ, ಸಾಯಂಕಾಲಕ್ಕೆಲ್ಲ ಬಿಟ್ಟು ಕಳಿಸುತ್ತಾರಂತೆ.

ಇಷ್ಟು ವರ್ಷ ನನ್ನ ಸಂಘಕ್ಕೆ ಶಾಪ ಹಾಕಿದ ಹೆಂಗಸು ಫೋನ್ ಹಿಡಿದೇ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. "ಬರೀ ಒಂದು ದಿನಾನಾ? ನಾಚಿಕೆ ಆಗಲ್ವೇನಣ್ಣಾ ನಿಮಗೆ? ಜನರ ಕಷ್ಟ ಏನು ಸಾಯಂಕಾಲಕ್ಕೆ ಮುಗಿದು ಹೋಗುತ್ತಾ? ಮಾಡಿದ್ರೆ ಅನಿರ್ದಿಷ್ಟಾವಧಿ ಮಾಡಿ. ಜಾಮೀನು ಕೊಟ್ರೂ ತಗೋಬೇಡಿ."

ಅಂಥ ಭಾಷಣ ಕೇಳಿ ಎಷ್ಟು ಕಾಲವಾಗಿತ್ತು. ಮೈ ಜುಮ್ಮೆಂದು, ಅಭ್ಯಾಸಬಲದಿಂದ ಮುಷ್ಟಿ ಎತ್ತಿ ಜಿಂದಾಬಾದ್ ಎಂದುಬಿಟ್ಟೆ. ಕೈ ಇಳಿಸುವಷ್ಟರಲ್ಲಿ ಮಗಳು ನನ್ನ ಬಟ್ಟೆಬರೆಯನ್ನೆಲ್ಲ ಮಡಿಚಿ ಚೀಲಕ್ಕೆ ತುಂಬಿ ಬಾಗಿಲಲ್ಲಿ ಇಟ್ಟಿದ್ದಳು. ಮೇಲುಗಡೆ ಸ್ವೆಟರ್ ಕೂಡ ಇತ್ತು, ಚಳಿಗಾಲಕ್ಕೂ ಬೇಕಾಗುತ್ತದೆಂದು.