ತೋಳಿನ ಅಳತೆಗೆ ಹೋದ ಪಾಠ

ಓದಿದವರು ಕಾಗದ ಸಿಕ್ಕರೆ ಅದರಲ್ಲಿ ಏನು ಬರೆದಿದೆ ಎಂದು ನೋಡುತ್ತಾರೆ. ನನ್ನಂಥ ದರ್ಜಿ, ಬಟ್ಟೆಯ ಮೇಲಿಟ್ಟು ಕತ್ತರಿಸಲು ಅದರಲ್ಲಿ ಎಷ್ಟು ತೋಳಿನ ಅಳತೆ ಹೊರಡುತ್ತವೆ ಎಂದು ನೋಡುತ್ತಾನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ನಾಲತವಾಡದ ಬಜಾರದಲ್ಲಿ ಮಿಷನ್ ತುಳಿಯುತ್ತ ಬಂದವನಿಗೆ ಇದು ತಪ್ಪೆಂದು ಅನಿಸಿರಲೇ ಇಲ್ಲ, ತಂಗಿ ಶಾಂತವ್ವ ಅಂಚೆಯ ಮೂಲಕ ಬಿ.ಎ. ಓದಲು ಹಿಡಿಯುವವರೆಗೆ.

ಅವಳು ವಿಜಾಪುರದ ಕಾಲೇಜಿಗೆ ಹೋಗಬೇಕಾದವಳು. "ಹುಡುಗಿ ಒಬ್ಬಾಕಿನ ಅಲ್ಲಿ ಹೆಂಗ ಇರ್ತಾಳ?" ಎಂದು ಅಪ್ಪನ ಮುಂದೆ ತಕರಾರು ತೆಗೆದವನು ನಾನೇ. ಆ ಕಾಳಜಿಯಲ್ಲಿ ಅರ್ಧ ಸುಳ್ಳಿತ್ತು. ಜಂಪರಿಗೆ ಹುಕ್ ಹಚ್ಚಲು ಅವಳಷ್ಟು ಚುರುಕಿನ ಕೈ ಬೇರೆ ಇರಲಿಲ್ಲ. ಅವಳೇನೂ ಸೋಲಲಿಲ್ಲ, ಟಪಾಲಿನಲ್ಲಿ ಪಾಠಗಳ ಕಟ್ಟು ಬರತೊಡಗಿತು. ಹುಕ್ ಹಚ್ಚುತ್ತಲೇ ಇತಿಹಾಸ ಓದುತ್ತಿದ್ದಳು. ಒಮ್ಮೆ ಮನಗೂಳಿಯ ಮದುಮಗಳ ಜಂಪರಿನ ಹುಕ್ಕುಗಳೆಲ್ಲ ಹೊರಮುಖವಾಗಿ ಕೂತವು. ಅದಕ್ಕೆ ಯಾವ ರಾಜನ ಆಳ್ವಿಕೆ ಕಾರಣವೋ, ನಾನು ಕೇಳಲಿಲ್ಲ.

ಕೊನೆಯ ವರ್ಷದ ಪರೀಕ್ಷೆಯ ಹೊತ್ತಿಗೇ ಮದುವೆಗಳ ಹಂಗಾಮು ಬಂತು. ಅಂಗಡಿಗೆ ಬಂದ ಅವಳ ಪಾಠಗಳ ಕಟ್ಟನ್ನು ನಾನೇ ಬಿಚ್ಚಿದೆ. ಉದ್ದನೆಯ, ಗಟ್ಟಿ ಕಾಗದ. ಕತ್ತರಿ ಆಡಿಸಿದೆ, ಆರು ತೋಳಿನ ಅಳತೆಗಳಾದವು. ಅವಳು ಕೇಳಿದಾಗ, "ಟಪಾಲ ಬಂದಿಲ್ಲವ್ವಾ" ಎಂದೆ.

ನಾಲ್ಕು ದಿನ ಕಾದು, ಅಂಗಡಿಯ ಮುಂದೆಯೇ ಅಂಚೆಯ ಮಲ್ಲಪ್ಪನನ್ನು ತಡೆದಳು. "ನನ್ನ ಪಾಠ ನುಂಗಿದ್ರೇನ್ರಿ?"

"ನಿಮ್ಮಣ್ಣನ ಕೈಯಾಗ ಕೊಟ್ಟೇನಿ, ಶಾಂತವ್ವಾ! ಕಾಗದ ತಿಕ್ಕಿ ನೋಡಿ, ಭೇಷ್ ಐತಿ ಅಂದಾನ!"

ನಾನು ಸೂಜಿಗೆ ದಾರ ಪೋಣಿಸುತ್ತಲೇ ಇದ್ದೆ. ಅವಳ ಕಣ್ಣು ನನ್ನ ಹಿಂದಿನ ಮೊಳೆಗೆ ಹೋಯಿತು. ಆರೂ ತೋಳುಗಳು ಅಲ್ಲಿ ತೂಗುತ್ತಿದ್ದವು, ಅಕ್ಷರ ಸಮೇತ.

"ನೀ ಸಾಲಿ ಬಿಟ್ಟಿದ್ದು ನಿನ್ನ ಖುಷಿ, ಅಣ್ಣಾ. ನಂದು ಬಿಡಸಾಕ ನಿನಗ ಹಕ್ಕು ಯಾರ ಕೊಟ್ರು? ಅದೂ ಎರಡು ಸಲ!"

ಮೊಳೆಯಿಂದ ಆರೂ ತೋಳುಗಳನ್ನು ಇಳಿಸಿ ಮಿಷನ್ನಿಗೆ ಕೂತೆ. ಚಿಂದಿಯ ಚೀಲ ಸುರುವಿಕೊಂಡು, ಒಂದೊಂದೇ ತುಂಡನ್ನು ತೋಳಿಗೆ ಜೋಡಿಸಿ, ಕಾಗದಕ್ಕೇ ಹೊಲಿಗೆ ಹಾಕಿದೆ. ಸಾಲಿಗೆ ಸಾಲು ಕೂಡಬೇಕಲ್ಲ, ಅಕ್ಷರ ಕೂಡಿಸಿ ಓದಲೇಬೇಕಾಯಿತು. ನಾಲ್ಕು ವರ್ಷ ಶಾಲೆಯಲ್ಲಿ ಓದದಷ್ಟನ್ನು ಅಂದು ಓದಿದೆ. ಕಂಕುಳ ಹತ್ತಿರದ ಒಂದು ತುಂಡು ಮಾತ್ರ ಸಿಗಲೇ ಇಲ್ಲ.

ಪರೀಕ್ಷೆಗೆ ವಿಜಾಪುರಕ್ಕೆ ನಾನೇ ಕರೆದೊಯ್ದೆ. ಅವಳು ಒಳಗೆ ಬರೆಯುವಾಗ ಹೊರಗೆ ಬೇವಿನ ನೆರಳಲ್ಲಿ ಕೂತು ಹುಕ್ ಹಚ್ಚಿದೆ. ಬೆರಳಿಗೆ ಒಂಬತ್ತು ಸಲ ಚುಚ್ಚಿಕೊಂಡೆ. ಅವಳು ಪಾಸಾದಳು.

ಪದವಿಯ ಕಾಗದ ಬಂದ ದಿನವೇ ಗಾಜು ಹಾಕಿಸಿ ತಂದಳು.

"ಧೂಳು ಕೂಡ್ತೈತಂತ ಗಾಜೇನವ್ವಾ?" ಎಂದೆ.

"ಧೂಳಿಗಲ್ಲ ಅಣ್ಣಾ, ನಿನ್ನ ಕತ್ತರಿಗೆ."

ತಲೆ ತಗ್ಗಿಸಿ, ನಾನೇ ಅದನ್ನು ಗೋಡೆಗೆ ತೂಗುಹಾಕಿದೆ. ಅದರಲ್ಲಿ ಬರೆದದ್ದನ್ನೆಲ್ಲ, ತಡವರಿಸುತ್ತಲಾದರೂ, ಪೂರ್ತಿ ಓದಿದೆ. ಆಮೇಲೆ, ಸುಳ್ಳು ಯಾಕೆ ಹೇಳಲಿ, ಕಣ್ಣು ಇನ್ನೊಂದು ಲೆಕ್ಕವನ್ನೂ ಹಾಕಿತು: ಎರಡು ತೋಳು ಸರಾಗವಾಗಿ ಹೊರಡುತ್ತಿದ್ದವು.